ಚಾಡಿ ವೈರು ಮತ್ತು ಅಕ್ಕಿಕಾಳು

ಎರಡು ತೂತು ಕಂಡರೆ ನಡುವೆ ಒಂದು ವೈರು ಹಾಕಿ ನೋಡೋಣ ಅನ್ನಿಸುವ ಚಟ ನನಗಿದೆ. ಈ ಚಟ ಇದ್ದವರು ನಗೆಪಾಟಲಿಗೆ ಈಡಾಗಲು ಬೇರೆ ಏನೂ ಕಷ್ಟಪಡಬೇಕಾಗಿಲ್ಲ, ಅದು ತಾನಾಗಿ ವಿಳಾಸ ಹುಡುಕಿಕೊಂಡು ಬರುತ್ತದೆ. ನನ್ನ ವಿಷಯದಲ್ಲಂತೂ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಬೆನ್ನು ಹತ್ತಿ ಬಂದಿದೆ.

ನಾನು ಯಾದಗಿರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ಅಕ್ಕೋರು. ಶಾಲೆ ಇಲ್ಲದ ದಿನ ಕೀಬೋರ್ಡ್ ನುಡಿಸುತ್ತೇನೆ. ಲಗ್ನ, ಬಸುರಿಯ ಕುಬಸ, ತೊಟ್ಟಿಲು, ಶ್ರಾವಣದ ಭಜನೆ, ಯಾವುದಕ್ಕೆ ಕರೆದರೂ ನಮ್ಮ ಮೂವರ ಮೇಳ ಹಾಜರು. ಹಾಡುವವರು ಶಹಾಪುರದ ಡ್ರೈವರ್ ಕಾಕಾ. ಸರ್ಕಾರಿ ಬಸ್ಸು ಓಡಿಸಿ ರಿಟೈರಾದವರು. ಇಂಜಿನ್ನಿನ ಸದ್ದನ್ನು ಮೀರಿ ಹಾಡಿ ಹಾಡಿ ಪಳಗಿದ ಗಂಟಲು. ಮೈಕು ಕೆಟ್ಟರೆ ಅವರಿಗೂ ಗೊತ್ತಾಗುವುದಿಲ್ಲ, ಕೇಳುವವರಿಗೂ ಗೊತ್ತಾಗುವುದಿಲ್ಲ. ತಾಳಕ್ಕೆ ಸುರಪುರದ ಪ್ಯಾಡ್ ಭಾಯಿ. ಅವನ ಮುಂದೆ ಸ್ಟ್ಯಾಂಡಿನ ಮೇಲೆ ಒಂದು ಎಲೆಕ್ಟ್ರಾನಿಕ್ ಪ್ಯಾಡು, ಅದರ ಮೈಮೇಲೆ ಎಂಟು ರಬ್ಬರ್ ಚೌಕ. ಒಂದಕ್ಕೆ ಕೋಲು ತಾಗಿಸಿದರೆ ಢೋಲಕ್, ಇನ್ನೊಂದಕ್ಕೆ ಹಲಗಿ, ಮತ್ತೊಂದಕ್ಕೆ ತಾಳ. ಅವನು ಬಾರಿಸಲು ಶುರು ಮಾಡಿದರೆ ಲಗ್ನಕ್ಕೆ ಬಂದು ಮುಖ ಗಂಟು ಹಾಕಿಕೊಂಡು ಕೂತ ಬೀಗರ ಕಾಲೂ ಕುಣಿಯತೊಡಗುತ್ತದೆ.

ಚಾಡಿ ವೈರು

ಒಂದು ದಿನ ನಾನು ಫೋನಿನಲ್ಲಿ ಸೀಕ್ವೆನ್ಸರ್ ಎನ್ನುವ ಆ್ಯಪ್ ಹಾಕಿಕೊಂಡೆ. ಪರದೆಯ ತುಂಬಾ ಸಣ್ಣ ಸಣ್ಣ ಚೌಕ. ಯಾವ ಮಾತ್ರೆಗೆ ಯಾವ ಸ್ವರ ಬೇಕೋ ಆ ಚೌಕ ಒತ್ತಿ ತುಂಬಿಸಿಟ್ಟರೆ ಅದು ಬೇಸರವಿಲ್ಲದೆ ಅದನ್ನೇ ನುಡಿಸುತ್ತಿರುತ್ತದೆ. ಇದಕ್ಕಿಂತ ದೊಡ್ಡ ಮಜಾ ಬೇರೆ ಇತ್ತು. ಮಿಡಿ ಎನ್ನುವ ವೈರು ಹಾಕಿದರೆ ಫೋನು ನನ್ನ ಕೀಬೋರ್ಡನ್ನು ನುಡಿಸಬಹುದು, ಪ್ಯಾಡು ಫೋನನ್ನು ನುಡಿಸಬಹುದು, ಯಾರು ಯಾರನ್ನು ಬೇಕಾದರೂ ನುಡಿಸಬಹುದು! ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕ್ಲಾಸಿನಲ್ಲಿ ತ್ರಿಕೋನ ಬರೆಯಲು ಹೋಗಿ ಮೂಲೆಗೊಂದು ತೂತು ಬರೆದೆ.

ಕುಣಿಯುತ್ತಲೇ ಪ್ಯಾಡ್ ಭಾಯಿಗೆ ಆ್ಯಪ್ ತೋರಿಸಿದೆ. ಫೋನು ತಾನೇ ಢೋಲಕ್ ಬಾರಿಸಿತು. ಅವನು ತಲೆ ಬಗ್ಗಿಸಿ ಪೂರ್ತಿ ಕೇಳಿದ.

"ಛಲೋ ಅದರಿ ಅಕ್ಕೋರ. ಒಂದೂ ತಪ್ಪಂಗಿಲ್ಲ," ಅಂದ. ಕೈಯಲ್ಲಿದ್ದ ಕೋಲು ಚೀಲಕ್ಕಿಟ್ಟು, "ರಾಯಚೂರದಾಗ ನಮ್ಮ ಅಣ್ಣಂದು ಬ್ಯಾಟರಿ ಅಂಗಡಿ ಅದ. ಬಾ ಬಾ ಅಂತ ಕರ್ಯಾಕತ್ಯಾನ. ಇನ್ನ ಹೋಗಾದೇ ಬರೋಬರ್ ಕಾಣ್ತದ," ಅಂದ.

ಪ್ಯಾಡ್ ಭಾಯಿ ಇಲ್ಲದ ಮೇಳ ಎಂದರೆ ಒಬ್ಬ ರಿಟೈರ್ಡ್ ಡ್ರೈವರು ಮತ್ತು ಬಟನ್ ಒತ್ತುವ ಒಬ್ಬ ಗಣಿತದ ಅಕ್ಕೋರು, ಅಷ್ಟೇ. ಅವನ ಕೋಲಿನ ಸದ್ದಿಗೇ ನಾನು ಇಷ್ಟು ವರ್ಷ ಈ ಹುಚ್ಚು ಬಿಡದೆ ಹಿಡಿದುಕೊಂಡಿದ್ದೇನೆ. ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿದೆ: ಅವನ ಪ್ಯಾಡನ್ನೂ ನನ್ನ ಫೋನನ್ನೂ ವೈರಿನಿಂದ ಎಷ್ಟು ಬಿಗಿಯಾಗಿ ಕಟ್ಟಬೇಕೆಂದರೆ, ಅವನಿಲ್ಲದೆ ಆ್ಯಪು ಅಲ್ಲಾಡಬಾರದು.

ಆನ್‌ಲೈನಿನಲ್ಲಿ ವೈರು ತರಿಸಿದೆ. ಒಂದು ತುದಿ ಫೋನಿಗೆ, ಇನ್ನೊಂದು ತುದಿಯಲ್ಲಿ ಐದೈದು ಕಡ್ಡಿಯ ಎರಡು ಗುಂಡನೆಯ ಪಿನ್ನು. ಬಂದ ದಿನ ಶಾಲೆಗೆ ಹೋಗುವ ಅವಸರದಲ್ಲಿ ಅದನ್ನು ನಮ್ಮ ಸೌಂಡ್ ಸರ್ವೀಸಿನ ಅಣ್ಣನ ಅಂಗಡಿಯಲ್ಲಿ ಕೊಟ್ಟು, "ಮಿಕ್ಸರ್ ಬಾಜೂಕ ಇಟ್ಟಿರ್ರಿ, ಸಂಜೀಕ ಬರ್ತೀನಿ," ಅಂದೆ. ಸಂಜೆ ಹೋದಾಗ ಅಣ್ಣ ಹಲ್ಲು ಕಿರಿದು ನಿಂತಿದ್ದ.

"ಅಕ್ಕೋರ, ನಿಮಗ ಯಾರೋ ಮೋಸ ಮಾಡ್ಯಾರ. ಈ ಪಿನ್ನ ಮಿಕ್ಸರಿನ ಒಂದು ತೂತಿನ್ಯಾಗೂ ಕುಂದರಂಗಿಲ್ಲ. ನಾ ಕತ್ತರಿಸಿ ಒಗದು ಬರೋಬರ್ ಮೈಕಿನ ಪಿನ್ನ ಬೆಸದೀನಿ ನೋಡ್ರಿ!"

ಹೊಸ ವೈರಿನ ಎರಡೂ ತಲೆ ಹಾರಿಸಿ, ಹಳೆಯ ಮೈಕಿನ ಎರಡು ಪಿನ್ನು ಜೋಡಿಸಿ, ಕಪ್ಪು ಟೇಪು ಸುತ್ತಿ ಮದುಮಗನ ಹಾಗೆ ಸಿಂಗಾರ ಮಾಡಿಟ್ಟಿದ್ದ. ನನಗೆ ಅಳು ಮೊದಲೋ ಸಿಟ್ಟು ಮೊದಲೋ ಗೊತ್ತಾಗಲಿಲ್ಲ.

"ಯಣ್ಣಾ, ಈ ವೈರಿನ್ಯಾಗ ಆವಾಜ್ ಹೋಗಂಗಿಲ್ಲೋ!"

"ಹೋಗಂಗಿಲ್ಲಾ? ಮತ್ತ ಏನ್ ಹೋಗ್ತದರಿ?"

"ಖಾಲಿ ಸುದ್ದಿ ಹೋಗ್ತದ. ಕೀಬೋರ್ಡಿನ್ಯಾಗ ಯಾವ ಮನಿ ಒತ್ತಿದ್ರು, ಎಷ್ಟು ಜೋರ್ ಒತ್ತಿದ್ರು, ಯಾವಾಗ ಕೈ ಬಿಟ್ರು, ಇಷ್ಟೇ. ಆವಾಜ್ ಆ ಕಡಿಯವರು ಮಾಡ್ತಾರ."

ಅಣ್ಣ ತಾನು ಕತ್ತರಿಸಿದ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಮನೆ ನಮ್ಮ ಓಣಿಯಲ್ಲೇ, ಅದರ ಎದುರಿನದು ಊರ ಸುದ್ದಿಯೆಲ್ಲ ಹಂಚುವ ಮನೆ.

"ಅಂದ್ರ ತಾ ಏನೂ ಮಾಡಂಗಿಲ್ಲ, ಈ ಮನಿ ಸುದ್ದಿ ಆ ಮನಿಗಿ ಮುಟ್ಟಿಸಿ ಗದ್ದಲ ಹಚ್ತದ. ಇದಕ್ಕ ಆನ್‌ಲೈನ್ ಯಾಕ್ರಿ ಅಕ್ಕೋರ? ನಮ್ಮ ಎದುರುಮನಿ ಅತ್ತಿ ಇದ್ಲಲ್ಲ!"

ಅಂದಿನಿಂದ ನಮ್ಮ ಮೇಳದಲ್ಲಿ ಮಿಡಿ ಎನ್ನುವ ಹೆಸರು ಹೋಯಿತು. ಚಾಡಿ ವೈರು ಎಂಬುದೇ ಉಳಿಯಿತು.

ಅಮ್ಮಿಯ ಬೇಡಿಕೆ

ಮತ್ತೊಂದು ವೈರು ಬಂತು. ಈ ಸಲ ಅದನ್ನು ಯಾರ ಕೈಗೂ ಕೊಡದೆ ಎದೆಗವಚಿಕೊಂಡು ಸುರಪುರದ ಬಸ್ಸು ಹತ್ತಿದೆ. ಕೀಬೋರ್ಡನ್ನು ಹಿಂದಿನ ದಿನವೇ ಕಾಕಾ ಪ್ಯಾಡ್ ಭಾಯಿಯ ಮನೆಗೆ ಮುಟ್ಟಿಸಿದ್ದರು. ಪಡಸಾಲೆಯ ಈ ತುದಿಯಲ್ಲಿ ಪ್ಯಾಡು, ಆ ತುದಿಯಲ್ಲಿ ಕೀಬೋರ್ಡು, ನಡುವೆ ಚಾಪೆಯ ಮೇಲೆ ನನ್ನ ಫೋನು. ಎಲ್ಲ ಜೋಡಿಸಿದೆ. ಏನೂ ಕೇಳಿಸಲಿಲ್ಲ.

ವೈರಿನ ಒಂದು ಪಿನ್ನಿನ ಮೇಲೆ ಇನ್ ಅಂತ ಬರೆದಿತ್ತು, ಅದನ್ನು ಕೀಬೋರ್ಡಿನ ಇನ್ ಎನ್ನುವ ತೂತಿಗೆ ಹಾಕಿದ್ದೆ. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಬೇಕು, ಇಬ್ಬರೂ ಕಿವಿಗೆ ಕಿವಿ ಹಚ್ಚಿ ಕೂತರೆ ಸುದ್ದಿ ಹೋಗುವುದಾದರೂ ಹೇಗೆ? ಆಚೀಚೆ ಬದಲಿಸಿದೆ. ಪ್ಯಾಡ್ ಭಾಯಿ ಮನಸ್ಸಿಲ್ಲದ ಮನಸ್ಸಿನಿಂದ ಕೋಲೆತ್ತಿ ಒಂದೇಟು ಹೊಡೆದ.

ಹೊಡೆದದ್ದು ಇಲ್ಲಿ. ಆ ತುದಿಯಲ್ಲಿ, ಯಾರೂ ಮುಟ್ಟದ ಕೀಬೋರ್ಡು ಹಾರ್ಮೋನಿಯಂ ದನಿಯಲ್ಲಿ "ಪೇಂ" ಅಂದಿತು!

ನಾನು ಚಪ್ಪಾಳೆ ತಟ್ಟಿ ಕುಪ್ಪಳಿಸಿದೆ. ಅದೇ ಹೊತ್ತಿಗೆ ಪ್ಯಾಡ್ ಭಾಯಿಯ ಅಮ್ಮಿ ಚಹಾದ ತಟ್ಟೆ ಹಿಡಿದು ಒಳಗೆ ಬಂದರು. ಅವರಿಗೆ ಕಂಡದ್ದು ಕೀಬೋರ್ಡು ಮಾತ್ರ. ಮಗ ಮತ್ತೆ ಹೊಡೆದ, ಅದು ಮತ್ತೆ "ಪೇಂ ಪೇಂ" ಅಂದಿತು. ಅಮ್ಮಿ ತಟ್ಟೆ ಕೆಳಗಿಟ್ಟು ಸೆರಗು ತಲೆಯ ಮೇಲೆ ಎಳೆದುಕೊಂಡರು.

"ಯಾ ಅಲ್ಲಾ! ಕೌನ್ ಬಜಾರೈ ರೇ?"

ಯಾರೂ ನುಡಿಸುತ್ತಿಲ್ಲಮ್ಮೀ, ಇಲ್ಲಿ ಹೊಡೆದರೆ ವೈರಿನಲ್ಲಿ ಸುದ್ದಿ ಹೋಗಿ ಅಲ್ಲಿ ನುಡಿಯುತ್ತದೆ ಎಂದು ನಾನು ಉಸಿರು ಬಿಡದೆ ವಿವರಿಸಿದೆ. ಅವರು ನಂಬಲಿಲ್ಲ. ತಾವೇ ಬಂದು ಪ್ಯಾಡಿನ ಮುಂದೆ ಕೂತು, ಅಂಗೈಯಿಂದ ರೊಟ್ಟಿ ಬಡಿಯುವ ಹಾಗೆ ಮೆಲ್ಲಗೆ ತಟ್ಟಿದರು. ಕೀಬೋರ್ಡು ನುಡಿಯಿತು. ಇನ್ನೊಂದು ಚೌಕ ತಟ್ಟಿದರು. ಬೇರೆ ಸ್ವರ. ಆಮೇಲೆ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. ಪ್ಯಾಡ್ ಭಾಯಿ ಕೂಡ ಬಹಳ ದಿನಗಳ ಮೇಲೆ ನಕ್ಕ. ನನಗೆ ಅಷ್ಟೇ ಬೇಕಾಗಿತ್ತು.

ಕೊನೆಗೆ ಅಮ್ಮಿ ಎದ್ದು ನಿಂತು ಹೊರಗಿನ ಕಟ್ಟೆಯ ಕಡೆ ನೋಡಿದರು. ಅಲ್ಲಿ ಪ್ಯಾಡ್ ಭಾಯಿಯ ತಂದೆ, ಮನೆಯವರ ಬಾಯಲ್ಲಿ ಬಾವಾ, ಪೇಪರು ಹಿಡಿದು ಕೂತಿದ್ದರು. ಅಮ್ಮಿ ಬೆಳಗಿನಿಂದ ಹತ್ತು ಸಲ ಕರೆದರೂ ಅವರಿಂದ ಒಂದು ಹೂಂ ಬಂದಿರಲಿಲ್ಲ.

"ಅಕ್ಕೋರ, ಇಂಥಾದು ಇನ್ನೊಂದು ವೈರ್ ತರಸ್ರಿ," ಅಂದರು. "ಒಂದ್ ತುದಿ ನನ್ನ ಅಡಗಿಮನ್ಯಾಗ ಇರ್ಲಿ. ಇನ್ನೊಂದ್ ತುದಿ ಇವನ ಬಾವಾಗ ಹಚ್ರಿ."

ಮೇಲಿನ ಮಹಡಿಯ ಲಗ್ನ

ವೈರು ಉದ್ದ ಸಾಲದು ಎನ್ನುವುದು ನನ್ನ ಮುಂದಿನ ಹುಚ್ಚಿಗೆ ನೆಪ. ವೈರಿಲ್ಲದ ಮಿಡಿಯೂ ಉಂಟು! ಕೀಬೋರ್ಡಿನ ಹಿಂದೆ ಒಂದು ಸಣ್ಣ ಬ್ಲೂಟೂತ್ ಡಬ್ಬಿ ಸಿಕ್ಕಿಸಿದರೆ ಸಾಕು, ಫೋನು ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ. ತರಿಸಿದೆ.

"ಅಕ್ಕೋರ, ವೈರ್ ಇದ್ರ ಎಲ್ಲಿಗಿ ಹೋಗ್ಯಾದಂತ ಕಣ್ಣಿಗಿ ಕಾಣ್ತದ. ಗಾಳಿದು ಯಾರಿಗಿ ಮಾಲುಮ್?" ಅಂದ ಪ್ಯಾಡ್ ಭಾಯಿ. ನಾನು ಕೇಳಲಿಲ್ಲ.

ಶಹಾಪುರದಲ್ಲಿ ಒಂದು ಮಂಗಲ ಕಾರ್ಯಾಲಯ. ಕೆಳಗೊಂದು ಹಾಲ್, ಮೇಲೊಂದು ಹಾಲ್. ಮರುದಿನದ ಲಗ್ನಕ್ಕೆ ನಾವು ಕೆಳಗಿನ ಹಾಲಿನಲ್ಲಿ ಸಾಮಾನು ಇಳಿಸಿ ಪರೀಕ್ಷೆ ಮಾಡುತ್ತಿದ್ದೆವು. ಫೋನಿನಲ್ಲಿ ಹುಡುಕಿದೆ, ಡಬ್ಬಿಯ ಹೆಸರು ಬಂತು, ಒತ್ತಿದೆ, ಜೋಡಣೆಯಾಯಿತು ಎಂದು ತೋರಿಸಿತು. ತಾಳಿ ಕಟ್ಟುವಾಗ ಬೇಕಾಗುವ ಶಹನಾಯಿ ವಾಜಂತ್ರಿಯನ್ನು ಶುರು ಮಾಡಿದೆ. ನನ್ನ ಕೀಬೋರ್ಡು ಮೌನವ್ರತ.

"ವಾಲ್ಯೂಮ್ ಹೆಚ್ಚ ಮಾಡವ್ವಾ," ಅಂದರು ಕಾಕಾ. ಮಾಡಿದೆ. ಇಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಇಲ್ಲ.

ಆಗ ಮೇಲಿನಿಂದ ಶಹನಾಯಿ ಕೇಳಿಸಿತು. ಅದರ ಹಿಂದೆಯೇ ಜನರ ಕೇಕೆ, ಸಿಳ್ಳೆ.

ಮೆಟ್ಟಿಲು ಹಾರಿ ಹಾರಿ ಹತ್ತಿದೆ. ಮೇಲಿನ ಹಾಲಿನಲ್ಲಿ ಯಾವುದೋ ಕಚೇರಿಯ ಹೆಡ್ ಕ್ಲರ್ಕ್ ಒಬ್ಬರ ಬೀಳ್ಕೊಡುಗೆ. ಅಲ್ಲಿಯೂ ಒಬ್ಬ ಕೀಬೋರ್ಡಿನವನನ್ನು ಕರೆಸಿದ್ದರು, ಅವನ ಬಳಿಯೂ ನನ್ನದೇ ಜಾತಿಯ ಡಬ್ಬಿ, ಫೋನಿನಲ್ಲಿ ತೋರಿಸುವ ಹೆಸರೂ ಒಂದೇ. ಅವನು ಡಬ್ಬಿ ಚಾಲೂ ಇಟ್ಟು ಚಹಾಕ್ಕೆ ಇಳಿದಿದ್ದಾನೆ. ವೇದಿಕೆಯ ಮೇಲೆ ಸಾಹೇಬರು, ಅವರ ಹೆಂಡತಿ. ಯಾರೋ ಇಬ್ಬರ ಕೈಗೂ ಹಾರ ಕೊಟ್ಟು ಒಬ್ಬರಿಗೊಬ್ಬರು ಹಾಕಿರಿ ಎಂದಿದ್ದಾರೆ. ಅವರು ಹಾರ ಎತ್ತಿದ ಗಳಿಗೆಗೆ ಸರಿಯಾಗಿ ಕೆಳಗಿನಿಂದ ನಾನು ವಾಜಂತ್ರಿ ಒತ್ತಿದ್ದೆ! ಇಡೀ ಕಚೇರಿ ಎದ್ದು ನಿಂತು ಹೂವಿನ ಪಕಳೆ ಎರಚುತ್ತಿತ್ತು. ನಾನು ಎರಡನೆಯ ಸಲ ಶುರು ಮಾಡಿದಾಗ ಹಾರವನ್ನೂ ಎರಡನೆಯ ಸಲ ಹಾಕಿಸಿದ್ದರಂತೆ.

ನಾನು ವೇದಿಕೆಗೆ ಹೋಗಿ ಕೈ ಮುಗಿದು ನಡೆದದ್ದು ಹೇಳಿದೆ. ಹೆಂಡತಿಯ ಮುಖ ಅರಳಿತು.

"ಸುಮ್ಮನಿರ್ರಿ ಅಕ್ಕೋರ, ಭಾಳ ಛಲೋ ಮಾಡೀರಿ! ನಮ್ಮ ಲಗ್ನದಾಗ ವಾಜಂತ್ರಿಯವ್ರು ಜಗಳಾಡಿ ಎದ್ದು ಹೋಗಿದ್ರು. ನಂದು ಲಗ್ನ ಪೂರಾ ಆಗೇ ಇಲ್ಲಂತ ಇವರ ಮುಂದ ಇಷ್ಟು ವರ್ಷ ಹೇಳ್ಕೋತ ಬಂದೀನಿ. ಇವತ್ತ ಆತು."

ಸಾಹೇಬರು ಕೊರಳಿನ ಎರಡು ಹಾರದ ನಡುವಿನಿಂದ ನನ್ನನ್ನು ನೋಡಿದರು.

"ಏನ್ ಅಕ್ಕೋರ," ಅಂದರು, "ರಿಟೈರ್ ಆದ ದಿನಾನೇ ಮತ್ತ ಹೊಸದಾಗಿ ಡ್ಯೂಟಿಗಿ ಹಚ್ಚಿದ್ರಲ್ರೀ!"

ಒಂದು ಸೀಟಿ, ಎರಡು ಸೀಟಿ

ಡಬ್ಬಿ ಮೂಲೆ ಸೇರಿತು, ಚಾಡಿ ವೈರು ಮರಳಿ ಬಂತು. ಶ್ರಾವಣ ಶುರುವಾಗಿ ಹತ್ತಿಕುಣಿ ಕಡೆಯ ಒಂದು ಊರಿನಿಂದ ಭಜನೆಗೆ ಕರೆ ಬಂತು. ಗುಡಿಯ ಕಟ್ಟೆ ಸಣ್ಣದು, ಪ್ಯಾಡಿನ ಗದ್ದಲ ಬೇಡ, ತಾಳ ಮೆಲ್ಲಗಿದ್ದರೆ ಸಾಕು ಅಂದರು. ಹಾಗಾಗಿ ತಾಳವನ್ನು ಆ್ಯಪಿನಲ್ಲೇ ತುಂಬಿಸಿಕೊಂಡೆ: ಸಣ್ಣ ಗಿಲಕಿಯಂಥ ಸದ್ದು, ಮೊದಲು ಒಂದು ಹೊಡೆತ, ಸ್ವಲ್ಪ ತೆರಪು, ಆಮೇಲೆ ಎರಡು ಹೊಡೆತ. ವೈರಿನ ಮೂಲಕ ಆ ಸುದ್ದಿ ಕೀಬೋರ್ಡಿಗೆ ಹೋಗಿ ಅದು ನುಡಿಯಬೇಕು. ಪ್ಯಾಡ್ ಭಾಯಿ ಕೆಲಸವಿಲ್ಲದೆ ಕಂಬಕ್ಕೆ ಒರಗಿ ಕೂತ.

ಭಜನೆ ಚೆನ್ನಾಗಿ ನಡೆದಿತ್ತು. ಕಾಕಾನಿಗೆ ಹುರುಪು ಬಂದು, "ಯವ್ವಾ, ಎರಡು ಮನಿ ಏರಸು," ಎಂದು ಬೆರಳು ತೋರಿಸಿದರು. ಶ್ರುತಿ ಎರಡು ಮನೆ ಮೇಲೆ ಬೇಕು ಎಂದು ಅರ್ಥ. ಆ್ಯಪಿನಲ್ಲಿ ಅದಕ್ಕೊಂದು ಬಟನ್ ಇದೆ. ಜಂಬದಿಂದ ಒತ್ತಿದೆ.

ಒಂದು ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ. ಹಾರ್ಮೋನಿಯಂ ಎರಡು ಮನೆ ಏರಿದರೆ ಶ್ರುತಿ ಏರುತ್ತದೆ. ತಾಳದ ಕಡೆ ಹಾಗಲ್ಲ, ಅಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ವಾದ್ಯ ವಾಸ. ಗಿಲಕಿಯ ಮನೆಯಿಂದ ಎರಡು ಮನೆ ಮೇಲೆ ಯಾರಿದ್ದಾರೆ? ಸೀಟಿ! ಬಸ್ಸಿನ ಕಂಡಕ್ಟರು ಊದುತ್ತಾರಲ್ಲ, ತದ್ವತ್ ಆ ಸೀಟಿ.

"ಪೀಂ!"

ಕಾಕಾ ಗಕ್ಕನೆ ನಿಂತರು. ಬಾಯಿ ತೆರೆದೇ ಇತ್ತು, ದನಿ ಇಲ್ಲ. ಚಾಪೆಯ ಮೇಲೆ ಅವರ ಬಲಗಾಲು ಮುಂದೆ ಚಾಚಿ ಗಟ್ಟಿಯಾಗಿ ಒತ್ತಿಕೊಂಡಿತ್ತು.

"ಪೀಂ ಪೀಂ!"

ಕಾಲು ಸಡಿಲಾಯಿತು, ನಿಂತಲ್ಲಿಂದಲೇ ಹಾಡು ಮುಂದೆ ಹೊರಟಿತು. ಮತ್ತೆ ಒಂದು ಸೀಟಿ, ಕಾಕಾ ಬ್ರೇಕು. ಮತ್ತೆ ಎರಡು ಸೀಟಿ, ಕಾಕಾ ಗೇರು. ಅವರಿಗೆ ಇದು ಅರಿವೇ ಇಲ್ಲ. ಸರ್ವೀಸಿನ ಉದ್ದಕ್ಕೂ ಕಾಲಿಗೆ ಅಂಟಿದ ಅಭ್ಯಾಸ, ಕಾಲು ತಾನೇ ನೋಡಿಕೊಳ್ಳುತ್ತಿತ್ತು. ನಾನು ಗಾಬರಿಯಲ್ಲಿ ಬಟನ್ ಹುಡುಕುವಷ್ಟರಲ್ಲಿ ದೇವರ ಹಾಡು ಸಾಲಿಗೊಂದು ಕಡೆ ನಿಂತು, ಜನ ಹತ್ತಿಸಿಕೊಂಡು, ಮತ್ತೆ ಹೊರಟು, ಅರ್ಧ ಮುಗಿದಿತ್ತು. ಊರವರು ನಗು ತಡೆಯಲು ಟವಲ್ಲು ಬಾಯಿಗೆ ತುರುಕಿಕೊಂಡಿದ್ದರು.

ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಮೊಣಕಾಲಿಗೆ ಕೈ ಕೊಟ್ಟು ನಿಧಾನಕ್ಕೆ ಎದ್ದಳು.

"ತಡಿಯಪ್ಪಾ ಡ್ರೈವರ್," ಅಂದಳು. "ಮುಂದಿನ ಸೀಟಿಗಿ ಜರಾ ಹೆಚ್ಚು ಹೊತ್ತು ನಿಂದರಸು. ನಮ್ಮ ಮನಿ ಬಂತು, ಇಳಿತೀನಿ."

ಸಾವಧಾನ

ಆ ಭಜನೆಯಿಂದ ಮರಳುವಾಗ ನಾನೂ ಕಾಕಾನೂ ನಕ್ಕು ನಕ್ಕು ಸುಸ್ತಾಗಿದ್ದೆವು. ಪ್ಯಾಡ್ ಭಾಯಿ ಮಾತ್ರ ಕಿಟಕಿಯಿಂದ ಹೊರಗೆ ನೋಡುತ್ತಿದ್ದ.

"ನಮ್ಮಣ್ಣಗ ಹೂಂ ಅಂದೀನ್ರಿ ಅಕ್ಕೋರ," ಅಂದ. "ಯಾದಗಿರಿ ಲಗ್ನ ಒಂದ್ ಮುಗಸ್ತೀನಿ. ಆಮ್ಯಾಲ ರಾಯಚೂರು. ಕಂಬಕ್ಕ ಆತು ಕುಂದರಾದು ನನ್ನ ಕೈಲಿ ಆಗಂಗಿಲ್ಲ."

ಅವನಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ಆ ಲಗ್ನದಲ್ಲಿ ಏನಾದರೂ ಮಾಡಿ ಅವನ ಮನಸ್ಸು ತಿರುಗಿಸಬೇಕೆಂದು ಹಗಲೆಲ್ಲ ಕೂತು ಒಂದು ಯೋಜನೆ ಹೂಡಿದೆ. ಈ ಸಲ ಆ್ಯಪು ತಾನಾಗಿ ಒಂದಕ್ಷರ ನುಡಿಯಕೂಡದು. ಪ್ಯಾಡಿನ ಎಂಟು ಚೌಕಕ್ಕೆ ಎಂಟು ತುಣುಕು ಹಂಚಿದೆ: ಒಂದು ಮುಟ್ಟಿದರೆ ಶಹನಾಯಿ ವಾಜಂತ್ರಿ, ಒಂದಕ್ಕೆ ಹಲಗಿ, ಒಂದಕ್ಕೆ ಬ್ಯಾಂಡು, ಊಟದ ನಂತರದ ಕುಣಿತಕ್ಕೆಂದು ಒಂದರಲ್ಲಿ ಒಂಟಿ ಸೀಟಿ, ಪಕ್ಕದ್ದರಲ್ಲಿ ಜೋಡಿ ಸೀಟಿ. ಎಲ್ಲವೂ ಅವನ ಕೋಲಿನ ತುದಿಯಲ್ಲಿ. ಅವನು ಮುಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಇದಕ್ಕ ಜೋರ್ ಹೊಡಿಬೇಕಾಗ್ತದರಿ," ಅಂದ ಅವನು, ಒಲ್ಲದ ಮನಸ್ಸಿನಿಂದ.

"ಅದಕ್ಕ್ಯಾಕ ಫಿಕರ್?" ಎಂದು ನಾನು ಪ್ಯಾಡಿನ ಸೂಕ್ಷ್ಮತೆಯನ್ನು ಕಡೆಯ ತನಕ ತಿರುಗಿಸಿದೆ. ಬೆರಳಿನ ತುದಿ ಸೋಕಿದರೂ ನುಡಿಯುವಂತಾಯಿತು. ಇಷ್ಟು ಚೆನ್ನಾಗಿ ಬೇರೆ ಯಾರು ಮಾಡಿಯಾರು ಎಂದು ನನಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಹೆಣ್ಣಿನವರು ಗುರುಮಠಕಲ್ ಕಡೆಯವರು, ಗಂಡಿನವರು ಯಾದಗಿರಿಯವರು. ಮಂಟಪ ತುಂಬಿ ತುಳುಕುತ್ತಿತ್ತು. ನಮ್ಮನ್ನು ವೇದಿಕೆಯ ಮೇಲೆಯೇ, ಮದುಮಕ್ಕಳ ಹಿಂದೆ ಒಂದು ಮೂಲೆಯಲ್ಲಿ ಕೂರಿಸಿದ್ದರು. ಗಂಡು ಹೆಣ್ಣಿನ ನಡುವೆ ಬಿಳಿ ಪರದೆ ಹಿಡಿದರು. ಮಂಗಳಾಷ್ಟಕ ನಮ್ಮ ಕಾಕಾನದೇ. ಎಲ್ಲರ ಕೈಗೂ ಅಕ್ಕಿಕಾಳು ಹಂಚಿಯಾಗಿತ್ತು. ಹೆಸರು ಅಕ್ಕಿಕಾಳು, ಒಳಗೆ ಅರಿಶಿನ ಕುಂಕುಮ ಹಚ್ಚಿದ ಜೋಳವೇ ಹೆಚ್ಚು. ಮಂಗಳಾಷ್ಟಕ ಮುಗಿದು, ಪರದೆ ಸರಿದು, ವಾಜಂತ್ರಿ ಮೊಳಗಿದಾಗ ಹಾಕಬೇಕಾದದ್ದು ಅದು. ಆದರೆ ನಮ್ಮ ಮಂದಿಗೆ ಅಷ್ಟು ತಾಳ್ಮೆ ಎಲ್ಲಿ? ಒಂದು ನುಡಿ ಮುಗಿದು "ಸಾವಧಾನ" ಅಂದರೆ ಸಾಕು, ಒಂದು ಹಿಡಿ ಎಸೆದೇಬಿಡುತ್ತಾರೆ. ಹಿಂದಿನ ಕುರ್ಚಿಯವರಂತೂ ಮದುಮಕ್ಕಳಿಗೆ ಮುಟ್ಟಲಿ ಎಂದು ಕೈ ಬೀಸಿ, ಹಕ್ಕಿ ಓಡಿಸುವವರ ಹಾಗೆ ಒಗೆಯುತ್ತಾರೆ. ಅದು ಮದುಮಕ್ಕಳ ತಲೆಯ ಮೇಲಿಂದ ಹಾರಿ ಬೀಳುವುದು ವಾದ್ಯದವರ ಮೇಲೆ. ಎಷ್ಟೋ ಲಗ್ನದಲ್ಲಿ ಬ್ಲೌಸಿನೊಳಗಿಂದ ಜೋಳ ಝಾಡಿಸಿಕೊಂಡು ಮನೆಗೆ ಹೋದವಳು ನಾನು. ಆದರೂ ನನಗೆ ಇದು ಹೊಳೆದಿರಲಿಲ್ಲ ನೋಡಿ.

ಕಾಕಾ ಕಣ್ಣು ಮುಚ್ಚಿ ಮೊದಲ ನುಡಿ ಹಾಡಿದರು. "ಸಾವಧಾನ!"

ಮಳೆ ಬಂತು. ಜೋಳದ ಮಳೆ. ಪಟಪಟನೆ ಎಂಟೂ ಚೌಕದ ಮೇಲೆ!

ಶಹನಾಯಿ, ಹಲಗಿ, ಬ್ಯಾಂಡು, ಎಲ್ಲವೂ ಒಂದೇ ಉಸಿರಿಗೆ ಒದರಿಕೊಂಡವು. ಒಂದು ಕಾಳು ಹಲಗಿ ಶುರು ಮಾಡಿದರೆ ಇನ್ನೊಂದು ಅದನ್ನು ಮೊದಲಿನಿಂದ ಶುರು ಮಾಡಿತು. ಸ್ಪೀಕರುಗಳಲ್ಲಿ ಮೂರು ಲಗ್ನ, ಒಂದು ಮೆರವಣಿಗೆ ಕೂಡಿಯೇ ನಡೆಯುತ್ತಿದ್ದವು. ವಾಜಂತ್ರಿ ಕೇಳಿದ ಮಂದಿ, ಓ ಮುಹೂರ್ತ ಬಂತು ಎಂದು ಉಳಿದ ಕಾಳನ್ನೂ ಎಸೆದರು. ಅದೂ ಪ್ಯಾಡಿನ ಮೇಲೆಯೇ ಬಿತ್ತು. ಎರಡನೆಯ ನುಡಿ ಎತ್ತಿಕೊಂಡಿದ್ದ ಕಾಕಾನ ಕಿವಿಗೆ ಅಷ್ಟೂ ಗದ್ದಲದ ನಡುವಿನಿಂದ ಒಂದೇ ಒಂದು ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಪೀಂ!"

ಕಾಕಾ ನಿಂತರು. ಬಲಗಾಲು ಚಾಚಿತು.

ನಾನು ಫೋನಿಗೆ ಕೈ ಹಾಕಿದೆ. ಅದರ ಗಾಜಿನ ಮೇಲೂ ಜೋಳ, ಬೆರಳಿನಲ್ಲೂ ಜೋಳ, ಯಾವ ಬಟನ್ನೂ ಕೇಳಲಿಲ್ಲ. ಪರದೆ ಹಿಡಿದವರು ಸರಿಸಬೇಕೋ ಬೇಡವೋ ತಿಳಿಯದೆ ಅರ್ಧ ಸರಿಸಿ, ಮತ್ತೆ ಎಳೆದು, ಮತ್ತೆ ಸರಿಸಿದರು. ಆಚೆ ಈಚೆಯಿಂದ ಗಂಡು ಹೆಣ್ಣು ಇಣುಕಿ ನೋಡಿ ನಕ್ಕುಬಿಟ್ಟರು. ಮುಂದಿನ ಸಾಲಿನಿಂದ ಹೆಣ್ಣಿನ ಅಜ್ಜಿ ತೆಲುಗಿನಲ್ಲಿ ಗಟ್ಟಿಯಾಗಿ ಕೇಳಿದಳು, "ಪೆಳ್ಳಿ ಅಯ್ಯಿಂದಾ, ಲೇದಾ?" ಲಗ್ನ ಆಯಿತೋ ಇಲ್ಲವೋ ಎಂಬುದು ಅವಳ ಪ್ರಶ್ನೆ. ಹೇಳಬೇಕಾದ ಕಾಕಾ ಬ್ರೇಕಿನ ಮೇಲೆ ನಿಂತಿದ್ದರು.

ಆಗ ಪ್ಯಾಡ್ ಭಾಯಿ ಎದ್ದ. ಹೆಗಲಿನ ಟವಲ್ಲಿನಿಂದ ಪ್ಯಾಡಿನ ಮೇಲಿನ ಜೋಳವನ್ನು ಒಂದೇ ಸಲ ಗುಡಿಸಿದ. ಚಾಡಿ ವೈರನ್ನು ಹಿಡಿದು ಸರಕ್ಕನೆ ಕಿತ್ತ. ಮಂಟಪದಲ್ಲಿ ಸದ್ದಡಗಿತು. ಸೂಕ್ಷ್ಮತೆಯ ಗುಂಡಿಯನ್ನು ತಿರುಗಿಸಿ ಇಳಿಸಿದ. ಆಮೇಲೆ ಎರಡು ಬೆರಳು ಬಾಯಲ್ಲಿಟ್ಟುಕೊಂಡು ಕಾಕಾನ ಕಡೆ ತಿರುಗಿ ಊದಿದ: ಪೀಂ ಪೀಂ!

ಕಾಕಾನ ಕಾಲು ಸಡಿಲಾಯಿತು. ನಿಂತ ಅಕ್ಷರದಿಂದಲೇ ಮಂಗಳಾಷ್ಟಕ ಹೊರಟಿತು. ಕೊನೆಯ "ಸಾವಧಾನ" ಬಂತು, ಪರದೆ ಸರಿಯಿತು, ಪ್ಯಾಡ್ ಭಾಯಿಯ ಕೋಲು ಇಳಿಯಿತು. ಅಬ್ಬಾ, ಅವನು ಅವತ್ತು ಬಾರಿಸಿದ್ದು! ಬೊಗಸೆ ಖಾಲಿಯಾಗಿದ್ದವರು ಕೆಳಗೆ ಬಿದ್ದ ಕಾಳನ್ನೇ ಬಳಿದು ಮತ್ತೆ ಎಸೆದರು. ಅವನ ಮೈಮೇಲೆ ಬಿತ್ತು, ಪ್ಯಾಡಿನ ಮೇಲೆ ಬಿತ್ತು, ಏನೂ ಕೆಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕಣ್ಣಿಗೆ ಜೋಳ ಬಿದ್ದಿದೆ ಎಂದು ಕಾಕಾನಿಗೆ ಹೇಳಿದೆ.

ಊಟದ ಹೊತ್ತಿಗೆ ಮೂವರೂ ಸೇರಿ ಪ್ಯಾಡಿನ ಸಂದಿಯಿಂದ ಕಾಳು ಆರಿಸುತ್ತ ಕೂತೆವು. ನಾನು ಅಂಜುತ್ತ ಅಂಜುತ್ತಲೇ ಕೇಳಿದೆ, "ಮತ್ತ, ರಾಯಚೂರಿಗಿ ಯಾವಾಗ?"

ಅವನು ಒಂದು ಕೆಂಪು ಜೋಳವನ್ನು ಉಗುರಿನಿಂದ ಎಬ್ಬಿಸಿ, ಊದಿ, ನನ್ನ ಮುಂದೆ ಹಿಡಿದ.

"ಇಲ್ರಿ ಅಕ್ಕೋರ, ಹೋಗಂಗಿಲ್ಲ. ನೀವೇ ನೋಡಿದ್ರಲ್ಲ, ಇಡೀ ಮಂಟಪದ ಮಂದಿ ಕೂಡಿ ನನ್ನ ಪ್ಯಾಡ್ ಬಾರಿಸಿದ್ರು. ಒಬ್ರಿಗಾದ್ರೂ ತಾಳ ಬಂತೇನ್ರಿ? ಇಂಥಾ ಊರ ಬಿಟ್ಟು ನಾ ಹ್ಯಾಂಗ ಹೋಗ್ಲಿ?"